ಒಂದು ಪುಟ್ಟ ದ್ವೀಪ, ರಾಜನ ಇಬ್ಬರು ಪ್ರತಿನಿಧಿಗಳು

ಬೇಲಿಫ್ ಅಂದ ಕೂಡಲೇ ನಮಗೆ ನೆನಪಾಗುವುದು ನೋಟಿಸ್ ಹಿಡಿದು ಬಾಗಿಲಿಗೆ ಬರುವ ಕೋರ್ಟಿನ ಅಮೀನ. ಜೆರ್ಸಿ ದ್ವೀಪದಲ್ಲಿ ಹಾಗಲ್ಲ. ಅಲ್ಲಿ ಬೇಲಿಫ್ ಅಂದರೆ ದ್ವೀಪದ ಮುಖ್ಯ ನ್ಯಾಯಾಧೀಶರು. ಶಾಸನಸಭೆ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕೂರುವವರೂ ಅವರೇ. ಅವರನ್ನು ನೇಮಿಸುವುದು ಬ್ರಿಟನ್ನಿನ ರಾಜ. ರಾಜನೇ ನೇಮಿಸಿದ ಇನ್ನೊಬ್ಬರಿಗೂ ಆ ಸಭೆಯಲ್ಲಿ ಕುರ್ಚಿ ಇದೆ. ಅವರು ಲೆಫ್ಟಿನೆಂಟ್ ಗವರ್ನರ್. ಮಾತಾಡಬಹುದು, ಮತ ಹಾಕುವಂತಿಲ್ಲ. ಅವರ ಕುರ್ಚಿ ಬೇಲಿಫ್ ಕುರ್ಚಿಗಿಂತ ತುಸು ತಗ್ಗಿನಲ್ಲಿದೆ.

ಈ ಇಬ್ಬರಲ್ಲಿ ಯಾರ ಕೆಲಸ ಏನು? ಹೊರಗಿನವರಿಗೆ ಇದು ತಲೆಬುಡ ತಿಳಿಯದ ವಿಷಯ. ಮೊದಲಿನಿಂದ ನೋಡಿದರೆ ಅಷ್ಟು ಕಷ್ಟವಿಲ್ಲ.

ಜೆರ್ಸಿ ಇರುವುದು ಫ್ರಾನ್ಸಿನ ಕರಾವಳಿಯ ಹತ್ತಿರ. ಸುಮಾರು 118 ಚದರ ಕಿಲೋಮೀಟರ್ ನೆಲ, ಒಂದು ಲಕ್ಷ ಚಿಲ್ಲರೆ ಜನ. 1204ರಲ್ಲಿ ಇಂಗ್ಲೆಂಡಿನ ರಾಜ ಜಾನ್ ನಾರ್ಮಂಡಿಯನ್ನು ಕಳೆದುಕೊಂಡ. ದ್ವೀಪ ಮಾತ್ರ ಅವನ ಕೈಯಲ್ಲೇ ಉಳಿಯಿತು. ಅಂದಿನಿಂದ ಜೆರ್ಸಿ ರಾಜಮನೆತನಕ್ಕೆ ಸೇರಿದ್ದು. ಅದು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ, ಲಂಡನ್ನಿನ ಸಂಸತ್ತಿಗೆ ಇಲ್ಲಿಂದ ಯಾರೂ ಆಯ್ಕೆಯಾಗುವುದಿಲ್ಲ. ಕಾನೂನನ್ನು ದ್ವೀಪದವರೇ ಮಾಡಿಕೊಳ್ಳುತ್ತಾರೆ. ಅದಕ್ಕೆ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಮೂಲಕ ರಾಜನ ಒಪ್ಪಿಗೆ ಬೀಳಬೇಕು.

ರಾಜ ದೂರದಲ್ಲಿದ್ದ. ಅವನ ಪರವಾಗಿ ಕೋಟೆ ಕಾಯಲು ಒಬ್ಬ ಗವರ್ನರ್ ಬೇಕಿತ್ತು, ನ್ಯಾಯ ಹೇಳಲು ಒಬ್ಬ ಬೇಲಿಫ್. ನೂರಾರು ವರ್ಷ ಇಬ್ಬರ ನಡುವೆ ಜಗಳ ನಡೆದೇ ಇತ್ತು. 1617ರಲ್ಲಿ ಪ್ರಿವಿ ಕೌನ್ಸಿಲ್ ಗೆರೆ ಎಳೆಯಿತು: ಸೈನ್ಯ ಗವರ್ನರ್‌ಗೆ, ನ್ಯಾಯ ಮತ್ತು ನಾಗರಿಕ ಆಡಳಿತ ಬೇಲಿಫ್‌ಗೆ. ಆಮೇಲೆ 1771ರ ಹೊತ್ತಿಗೆ ಕಾನೂನು ಮಾಡುವ ಅಧಿಕಾರ ದ್ವೀಪದ ನ್ಯಾಯಾಲಯವಾದ ರಾಯಲ್ ಕೋರ್ಟಿನ ಕೈಯಿಂದ ಸ್ಟೇಟ್ಸ್ ಎಂಬ ಸಭೆಗೆ ಬಂತು. ಎರಡಕ್ಕೂ ಬೇಲಿಫ್ ಒಬ್ಬರೇ ಅಧ್ಯಕ್ಷರು. ಗವರ್ನರ್ ಹುದ್ದೆ 1854ರಲ್ಲಿ ಹೋಯಿತು, ಲೆಫ್ಟಿನೆಂಟ್ ಗವರ್ನರ್ ಮಾತ್ರ ಉಳಿದರು.

ಬೇಲಿಫ್ ಮೇಲೆ ದ್ವೀಪದ ಜನರಿಗೆ ಯಾಕೆ ಅಷ್ಟು ಅಭಿಮಾನ ಅಂತ ತಿಳಿಯಬೇಕಾದರೆ 1940ಕ್ಕೆ ಬರಬೇಕು. ಆ ಜೂನ್‌ನಲ್ಲಿ ಫ್ರಾನ್ಸ್ ಬಿತ್ತು. ದ್ವೀಪಗಳನ್ನು ಕಾಯುವುದು ಆಗದ ಮಾತು ಎಂದು ಲಂಡನ್ ತೀರ್ಮಾನಿಸಿತು. ಸೈನ್ಯ ಹೊರಟಿತು. ಅದರ ಜೊತೆಗೇ ಲೆಫ್ಟಿನೆಂಟ್ ಗವರ್ನರ್ ಕೂಡ ಹೊರಟರು, ಅವರಿಗೆ ಬಂದ ಆಜ್ಞೆಯೇ ಹಾಗಿತ್ತು. ದ್ವೀಪದಲ್ಲಿ ಸೈನಿಕರಿಲ್ಲ ಎಂಬ ಸುದ್ದಿಯನ್ನು ಜರ್ಮನಿಗೆ ತಿಳಿಸಿರಲಿಲ್ಲ. ಜೂನ್ 28ರಂದು ಬಾಂಬು ಬಿದ್ದು ಸಾಮಾನ್ಯ ಜನ ಸತ್ತರು. ಜುಲೈ 1ರಂದು ಜರ್ಮನ್ನರು ಬಂದಿಳಿದರು.

ಆಗ ಉಳಿದದ್ದು ಬೇಲಿಫ್ ಅಲೆಕ್ಸಾಂಡರ್ ಕೂಟಾಂಶ್. ಹೊರಟುಹೋದ ಪ್ರತಿನಿಧಿಯ ಕೆಲಸವೂ ಅವರ ಹೆಗಲಿಗೆ ಬಿತ್ತು. ಸುಮಾರು 5 ವರ್ಷ ಜನರ ಊಟ, ಔಷಧ, ಕೆಲಸ ಎಲ್ಲದಕ್ಕೂ ಶತ್ರುವಿನ ಜೊತೆ ಚೌಕಾಸಿ ಮಾಡಬೇಕಾಯಿತು. ಯಹೂದಿಗಳ ಹೆಸರು ನೋಂದಾಯಿಸುವ ಆದೇಶವೂ ದ್ವೀಪದ ಆಡಳಿತದ ಮೂಲಕವೇ ಜಾರಿಯಾಯಿತು. ಆ ನೋವಿನ ಚರ್ಚೆ ಇನ್ನೂ ಮುಗಿದಿಲ್ಲ, ಮುಗಿಯಲೂಬಾರದು. ಕೊನೆಯ ಚಳಿಗಾಲದಲ್ಲಿ ಹಸಿವು ಮಿತಿಮೀರಿತು. 1944ರ ಡಿಸೆಂಬರ್ ಕೊನೆಯಲ್ಲಿ ವೇಗಾ ಎಂಬ ರೆಡ್ ಕ್ರಾಸ್ ಹಡಗು ಆಹಾರದ ಪೊಟ್ಟಣ ತಂದಾಗ ಜನ ಬದುಕಿಕೊಂಡರು. 1945ರ ಮೇ 9ರಂದು ಬಿಡುಗಡೆ.

ಕಷ್ಟಕಾಲದಲ್ಲಿ ಜೊತೆಗಿದ್ದವರನ್ನು ಜನ ಮರೆಯುವುದಿಲ್ಲ, ಅಲ್ವಾ? ಬೇಲಿಫ್ ನಮ್ಮವರು ಎಂಬ ಭಾವನೆ ಆಗ ಇನ್ನಷ್ಟು ಗಟ್ಟಿಯಾಯಿತು. ಆದರೆ ಶತ್ರುವಿನ ವಶದಲ್ಲಿದ್ದ ಕಾಲದಲ್ಲಿ ಒಬ್ಬರೇ ಎಲ್ಲವನ್ನೂ ಹೊತ್ತದ್ದು ಬೇರೆ, ನೆಮ್ಮದಿಯ ಕಾಲದಲ್ಲೂ ಎರಡು ಪೀಠ ಒಬ್ಬರಿಗೇ ಇರುವುದು ಬೇರೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೇ ವಿಧಾನಸಭೆಯ ಸ್ಪೀಕರ್ ಕೂಡ ಆಗಿದ್ದರೆ ನಾವು ಸುಮ್ನೆ ಇರುತ್ತಿದ್ದೆವಾ?

ಈ ಪ್ರಶ್ನೆ ಪಕ್ಕದ ಗರ್ನ್ಸಿ ದ್ವೀಪದಿಂದ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೂ ಹೋಯಿತು. ಅಲ್ಲೂ ಬೇಲಿಫ್ ವ್ಯವಸ್ಥೆಯೇ. ಹೂ ಬೆಳೆಗಾರರೊಬ್ಬರು ತಮ್ಮ ಜಾಗದ ಶೆಡ್ಡಿನಲ್ಲಿ ವಾಸಿಸಲು ಅನುಮತಿ ಕೇಳಿದ್ದರು. ಅದನ್ನು ತಡೆದ ಭೂಬಳಕೆ ಯೋಜನೆಗೆ ಸಭೆ ಒಪ್ಪಿಗೆ ಕೊಟ್ಟಾಗ ಅಧ್ಯಕ್ಷತೆ ವಹಿಸಿದ್ದವರೇ ಮುಂದೆ ಅವರ ಮೇಲ್ಮನವಿಯನ್ನೂ ಕೇಳಿದರು. ಇದು ನ್ಯಾಯಯುತ ವಿಚಾರಣೆಯಲ್ಲ ಎಂದು 2000ದಲ್ಲಿ ತೀರ್ಪು ಬಂತು.

ಅದೇ ವರ್ಷ ಜೆರ್ಸಿಯಲ್ಲಿ ದ್ವೀಪದ ಆಡಳಿತ ವ್ಯವಸ್ಥೆಯನ್ನು ಪರಿಶೀಲಿಸಿದ ಕ್ಲೋದಿಯರ್ ವರದಿ ಬಂತು. ಬೇಲಿಫ್ ಸಭೆಯ ಪೀಠ ಬಿಡಬೇಕು ಎಂದಿತು. ವರದಿಯ ಇತರ ಸಲಹೆಗಳಿಗೆ ಬೇಗ ದಾರಿ ಸಿಕ್ಕಿತು. 2005ರ ಕೊನೆಗೆ ಮಂತ್ರಿಮಂಡಲ ಬಂತು, ಮುಖ್ಯಮಂತ್ರಿಯೂ ಬಂದರು. ಪೀಠದ ವಿಷಯ ಮಾತ್ರ ಹಾಗೇ ಉಳಿಯಿತು. ರಾಜ ನೇಮಿಸುವ ಹುದ್ದೆಗಳನ್ನು ಪರಿಶೀಲಿಸಿದ 2010ರ ಕಾರ್ಸ್‌ವೆಲ್ ವರದಿಯೂ ಬೇಲಿಫ್ ಪೀಠ ಬಿಡಬೇಕು ಎಂದೇ ಹೇಳಿತು. 2017ರಲ್ಲಿ ಮಕ್ಕಳ ಪಾಲನಾ ವ್ಯವಸ್ಥೆಯ ದೌರ್ಜನ್ಯಗಳನ್ನು ವಿಚಾರಿಸಿದ ಸಮಿತಿ ಕೂಡ ಈ ಜೋಡಿ ಹುದ್ದೆಯನ್ನು ಮತ್ತೆ ಪರಿಶೀಲಿಸಿ ಎಂದಿತು.

ಇತ್ತ ಲೆಫ್ಟಿನೆಂಟ್ ಗವರ್ನರ್ ಕೆಲಸ ಹೆಚ್ಚಾಗಿ ಸಮಾರಂಭ, ಲಂಡನ್ನಿನೊಡನೆ ಪತ್ರ ವ್ಯವಹಾರ, ಪಾಸ್‌ಪೋರ್ಟಿನಂಥ ವಿಷಯಗಳಿಗೆ ಇಳಿದಿದೆ. ಸಾಮಾನ್ಯವಾಗಿ 5 ವರ್ಷಕ್ಕೆ ಬಂದು ಹೋಗುವ ನಿವೃತ್ತ ಸೇನಾಧಿಕಾರಿ ಅವರು. ಬೇಲಿಫ್ ಹಾಗಲ್ಲ, ಊರಲ್ಲೇ ಇರುವವರು. ಜನ ಆರಿಸಿದ 49 ಸದಸ್ಯರ ಮುಂದೆ ಅವರು ಈಗಲೂ ಕೂರುತ್ತಾರೆ. ಅವರೆದುರು ಹಿಡಿದು ನಡೆಯುವುದು ಎರಡನೇ ಚಾರ್ಲ್ಸ್ 1663ರಲ್ಲಿ ಕೊಟ್ಟ ರಾಜದಂಡ. ಕೋರ್ಟಿಗೂ ಅದೇ ದಂಡ, ಸಭೆಗೂ ಅದೇ.