ಎರಡು ರೀಲಿನ ನಗು: ಹಾಲಿವುಡ್‌ನ ಸಣ್ಣ ಕಾಮಿಡಿಗಳು ಬಂದದ್ದು, ಹೋದದ್ದು

ಚಾಪ್ಲಿನ್, ಬಸ್ಟರ್ ಕೀಟನ್, ಲಾರೆಲ್-ಹಾರ್ಡಿ. ಇವರ ಹಳೇ ತುಣುಕುಗಳು ಈಗಲೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತವೆ. ಇವರು ಹೆಸರು ಮಾಡಿದ ಚಿತ್ರಗಳಲ್ಲಿ ಬಹಳಷ್ಟು ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕೆ ಮುಗಿದುಹೋಗುತ್ತವೆ. ಯಾಕೆ ಅಷ್ಟು ಚಿಕ್ಕವು? ಫಿಲ್ಮ್ ಸುತ್ತುವ ರೀಲಿನ ಅಳತೆಯೇ ಅಷ್ಟಿತ್ತು. ಒಂದು ರೀಲು ಎಂದರೆ ಸುಮಾರು 1,000 ಅಡಿ ಫಿಲ್ಮು. ಮೂಕಿ ಚಿತ್ರಗಳ ವೇಗದಲ್ಲಿ ಅದು 10ರಿಂದ 15 ನಿಮಿಷ ಓಡುತ್ತಿತ್ತು. ಕಾಮಿಡಿ ಎಂದರೆ ಒಂದು ರೀಲು, ಹೆಚ್ಚೆಂದರೆ ಎರಡು. ನಗಿಸುವವರು ತಮ್ಮ ಆಟವನ್ನೆಲ್ಲ ಅಷ್ಟರಲ್ಲೇ ಮುಗಿಸಬೇಕಿತ್ತು.

ಈ ದಂಧೆಗೆ ಫ್ಯಾಕ್ಟರಿ ರೂಪ ಕೊಟ್ಟವನು ಮ್ಯಾಕ್ ಸೆನೆಟ್. ಕೆನಡಾದ ಕ್ವಿಬೆಕ್‌ನವನು. ನಿರ್ದೇಶಕ ಡಿ. ಡಬ್ಲ್ಯು. ಗ್ರಿಫಿತ್ ಕೈಕೆಳಗೆ ಬಯೋಗ್ರಾಫ್ ಕಂಪನಿಯಲ್ಲಿ ಕೆಲಸ ಕಲಿತು, 1912ರಲ್ಲಿ ಕೀಸ್ಟೋನ್ ಸ್ಟುಡಿಯೋ ಶುರುಮಾಡಿದ. ಜಾಗ ಲಾಸ್ ಏಂಜಲೀಸ್‌ನ ಎಡೆಂಡೇಲ್. ಕಥೆ ಬಗ್ಗೆ ಇವನಿಗೆ ಜಾಸ್ತಿ ತಲೆನೋವಿರಲಿಲ್ಲ. ಯಾರೋ ಏನೋ ಎಡವಟ್ಟು ಮಾಡಬೇಕು, ಪೊಲೀಸರು ದಂಡುಕಟ್ಟಿ ಓಡಿಬರಬೇಕು, ಕೊನೆಗೆ ಎಲ್ಲರೂ ಬೀಳಬೇಕು. ಈ ಪೆದ್ದು ಪೊಲೀಸರೇ ‘ಕೀಸ್ಟೋನ್ ಕಾಪ್ಸ್’ ಎಂದು ಹೆಸರಾದರು. ಊರಲ್ಲಿ ರೇಸೋ ಮೆರವಣಿಗೆಯೋ ಇದ್ದರೆ ಸೆನೆಟ್ ಕಡೆಯವರು ಕ್ಯಾಮೆರಾ ಹೊತ್ತು ಅಲ್ಲಿಗೇ ಹೋಗುತ್ತಿದ್ದರು. ಸೆಟ್ಟೂ ಬಿಟ್ಟಿ, ಜನವೂ ಬಿಟ್ಟಿ!

ಹೀಗೆ ಬಿಟ್ಟಿಯಾಗಿ ಸಿಕ್ಕ ಜನರ ಮುಂದೆಯೇ ಚಾಪ್ಲಿನ್‌ನ ಅಲೆಮಾರಿ ಮೊದಲ ಸಲ ತೆರೆಗೆ ಬಂದ. 1914ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಕಿಡ್ ಆಟೋ ರೇಸಸ್ ಅಟ್ ವೆನಿಸ್’ ಆ ಚಿತ್ರ. ವೆನಿಸ್ ಎಂದರೆ ಇಟಲಿಯದಲ್ಲ, ಲಾಸ್ ಏಂಜಲೀಸ್ ಪಕ್ಕದ ಸಮುದ್ರ ತೀರದ ಊರು. ಅಲ್ಲಿ ಮಕ್ಕಳ ಪುಟ್ಟ ಕಾರುಗಳ ರೇಸು ನಡೆಯುತ್ತಿರುತ್ತದೆ. ಕ್ಯಾಮೆರಾದವನು ಅದನ್ನು ಚಿತ್ರೀಕರಿಸಲು ನೋಡುತ್ತಾನೆ. ಬಿಗಿ ಕೋಟು, ದೊಗಳೆ ಪ್ಯಾಂಟು, ಬೆತ್ತ ಹಿಡಿದ ಒಬ್ಬ ಆಸಾಮಿ ಪದೇಪದೇ ಲೆನ್ಸಿನ ಮುಂದೆ ಬಂದು ನಿಲ್ಲುತ್ತಾನೆ. ತಳ್ಳಿದರೆ ಹೋಗುತ್ತಾನೆ, ಇನ್ನೊಂದು ಕಡೆಯಿಂದ ಮತ್ತೆ ಹಾಜರ್. ಇಡೀ ಚಿತ್ರ ಇಷ್ಟೇ. ನೋಡಬೇಕಾದ್ದು ಹಿಂದೆ ನಿಂತ ಪ್ರೇಕ್ಷಕರನ್ನು. ಅವರು ನಟರಲ್ಲ, ರೇಸು ನೋಡಲು ಬಂದವರು. ಈ ಮನುಷ್ಯ ಯಾರೆಂದು ಅವರಿಗೆ ಗೊತ್ತಿಲ್ಲ. ಕೆಲವರು ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಾರೆ, ಕೆಲವರು ನಗುತ್ತಾರೆ. ಚಾಪ್ಲಿನ್‌ನ ಅಲೆಮಾರಿಯನ್ನು ಕಂಡು ಜನ ಮೊದಲು ನಕ್ಕದ್ದು ಆ ಫಿಲ್ಮಿನಲ್ಲೇ ದಾಖಲಾಗಿಬಿಟ್ಟಿದೆ.

ಆಗ ಅವನ ಸಂಬಳ ವಾರಕ್ಕೆ 150 ಡಾಲರ್. 1915ರಲ್ಲಿ ಎಸ್ಸನೇ ಕಂಪನಿ 1,250 ಕೊಟ್ಟಿತು. 1916ರಲ್ಲಿ ಮ್ಯೂಚುಯಲ್ ಕಂಪನಿ ವಾರಕ್ಕೆ 10,000 ಕೊಟ್ಟು, ಮೇಲೆ 1,50,000 ಡಾಲರ್ ಬೋನಸ್ಸನ್ನೂ ಕೊಟ್ಟಿತು. ಬರೀ ಎರಡು ವರ್ಷದಲ್ಲಿ! ಇದೆಲ್ಲ ಎರಡು ರೀಲಿನ ಚಿತ್ರಗಳಿಗೇ. ಅವನ ಕಟೌಟು ಬಾಗಿಲಲ್ಲಿಟ್ಟರೆ ಸಾಕು, ಥಿಯೇಟರ್ ತುಂಬುತ್ತಿತ್ತು.

ಇಲ್ಲಿ ಮೇಬಲ್ ನಾರ್ಮಂಡ್ ಹೆಸರು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಚಾಪ್ಲಿನ್ ಬರುವ ಮೊದಲೇ ಆಕೆ ಕೀಸ್ಟೋನ್‌ನ ದೊಡ್ಡ ತಾರೆ. ನಟನೆ ಜೊತೆಗೆ ನಿರ್ದೇಶನವನ್ನೂ ಮಾಡುತ್ತಿದ್ದಳು. ‘ಮೇಬಲ್ ಅಟ್ ದ ವೀಲ್’ ಶೂಟಿಂಗಿನಲ್ಲಿ, ತನಗಿಂತ ಚಿಕ್ಕವಳು ಹೇಳಿದಂತೆ ತಾನು ಕೇಳಬೇಕೇ ಎಂದು ಚಾಪ್ಲಿನ್ ಮುನಿಸಿಕೊಂಡು ಕೂತ. ಅದನ್ನು ಮುಂದೆ ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಮೇಬಲ್ 1930ರಲ್ಲಿ ಕ್ಷಯದಿಂದ ತೀರಿಕೊಂಡಳು. ಈಗ ಚಾಪ್ಲಿನ್ ಯಾರಿಗೆ ಗೊತ್ತಿಲ್ಲ ಹೇಳಿ? ಮೇಬಲ್ ಹೆಸರು ಕೇಳಿದವರು ಬೆರಳೆಣಿಕೆಯಷ್ಟು ಜನ.

ಕೀಸ್ಟೋನ್‌ನಲ್ಲೇ ಬೆಳೆದ ಇನ್ನೊಬ್ಬ ರಾಸ್ಕೋ ಆರ್ಬಕಲ್. ದಢೂತಿ ಆಳು. ಆದರೆ ಬೀಳುವುದು, ಏಳುವುದು, ಕುಣಿಯುವುದು ಎಲ್ಲ ಹತ್ತಿಯಷ್ಟು ಹಗುರ. 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಬಸ್ಟರ್ ಕೀಟನ್‌ನನ್ನು ಸಿನಿಮಾಕ್ಕೆ ಕರೆತಂದವನು ಇವನೇ. ಅಪ್ಪ-ಅಮ್ಮನ ಜೊತೆ ಸ್ಟೇಜಿನ ಮೇಲೆ ಬಿದ್ದು ಎದ್ದು ಬೆಳೆದ ಕೀಟನ್‌ಗೆ ನಟನೆಗಿಂತ ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ಮೊದಲ ಕುತೂಹಲ. ಆರ್ಬಕಲ್ ದೊಡ್ಡ ಚಿತ್ರಗಳಿಗೆ ಹೋದಾಗ ಸಣ್ಣ ಚಿತ್ರಗಳ ಯೂನಿಟ್ಟು ಕೀಟನ್ ಕೈಗೆ ಬಂತು. 1920ರ ‘ಒನ್ ವೀಕ್’ ನೋಡಿ. ಹೊಸ ದಂಪತಿ ಬಿಡಿಭಾಗ ಜೋಡಿಸಿ ಕಟ್ಟುವ ಮನೆ ತರಿಸುತ್ತಾರೆ. ಹುಡುಗಿ ಕೈತಪ್ಪಿದ ಸಿಟ್ಟಿಗೆ ಒಬ್ಬ ಪೆಟ್ಟಿಗೆಗಳ ನಂಬರು ಬದಲಿಸಿಬಿಡುತ್ತಾನೆ. ಮನೆ ಸೊಟ್ಟಂಬಟ್ಟ ಎದ್ದು ನಿಲ್ಲುತ್ತದೆ. ಬಿರುಗಾಳಿಗೆ ಮನೆಗೆ ಮನೆಯೇ ಗಿರಗಿರ ತಿರುಗುತ್ತದೆ. ಅದಕ್ಕೆ ನಿಜ ಅಳತೆಯ ಮನೆಯನ್ನೇ ತಿರುಗುವ ಕಟ್ಟೆಯ ಮೇಲೆ ಕಟ್ಟಿದ್ದರು. ಕೊನೆಗೆ ಆ ಮನೆ ರೈಲು ಹಳಿ ಮೇಲೆ ಸಿಕ್ಕಿಕೊಳ್ಳುತ್ತದೆ. ರೈಲು ಬಂದೇ ಬಿಟ್ಟಿತು ಅನ್ನುವಾಗ ಅದು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಅಬ್ಬಾ ಅಂತ ಉಸಿರು ಬಿಡುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಪುಡಿ ಮಾಡುತ್ತದೆ. ನನಗೆ ಕೇಳಿದರೆ, ಎರಡು ರೀಲಿನ ಕಾಮಿಡಿ ಇದಕ್ಕಿಂತ ಮೇಲೆ ಏರಲೇ ಇಲ್ಲ.

ಹೆರಾಲ್ಡ್ ಲಾಯ್ಡ್ ಕನ್ನಡಕ ಹಾಕಿ ಪಕ್ಕದ ಮನೆ ಹುಡುಗನಂತೆ ಬಂದ. 1919ರಲ್ಲಿ ಫೋಟೋಕ್ಕೆ ಪೋಸು ಕೊಡುವಾಗ, ಡಮ್ಮಿ ಅಂದುಕೊಂಡು ಕೈಯಲ್ಲಿ ಹಿಡಿದಿದ್ದ ಬಾಂಬು ನಿಜಕ್ಕೂ ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಆಮೇಲೆ ‘ಸೇಫ್ಟಿ ಲಾಸ್ಟ್’ ಚಿತ್ರದಲ್ಲಿ ಕಟ್ಟಡ ಹತ್ತಿ ಗಡಿಯಾರದ ಮುಳ್ಳಿಗೆ ಜೋತುಬಿದ್ದದ್ದು ಅದೇ ಕೈಗೆ ಗ್ಲೌಸು ಹಾಕಿಕೊಂಡು.

ಆದರೆ 1923ರ ಹೊತ್ತಿಗೆ ಚಾಪ್ಲಿನ್, ಕೀಟನ್, ಲಾಯ್ಡ್ ಮೂವರೂ ಸಣ್ಣ ಚಿತ್ರ ಬಿಟ್ಟು ದೊಡ್ಡ ಚಿತ್ರಕ್ಕೆ ಹೋಗಿದ್ದರು, ಇಲ್ಲವೇ ಹೊರಟು ನಿಂತಿದ್ದರು. ಕಾರಣ ದುಡ್ಡು. ಸಣ್ಣ ಕಾಮಿಡಿಗೆ ಥಿಯೇಟರ್‌ನವರು ಕೊಡುತ್ತಿದ್ದದ್ದು ಸಾಮಾನ್ಯವಾಗಿ ಇಂತಿಷ್ಟು ಅಂತ ಬಾಡಿಗೆ. ದೊಡ್ಡ ಚಿತ್ರವಾದರೆ ಗಲ್ಲಾಪೆಟ್ಟಿಗೆಯಲ್ಲೇ ಪಾಲು ಕೇಳಬಹುದು. ಮೇನ್ ಪಿಕ್ಚರಿಗೆ ಮುಂಚೆ ಜನರನ್ನು ನಗಿಸಿ ಕೂರಿಸುವವನಿಗೆ ಚಪ್ಪಾಳೆ ಸಿಗುತ್ತದೆ, ಪಾಲು ಸಿಗುವುದಿಲ್ಲ. ಹಾಗಾಗಿ ಸಣ್ಣ ಚಿತ್ರ ಮೇಲೆ ಹೋಗುವವರಿಗೆ ಏಣಿಯಾಯಿತು. ಕೆಳಗೆ ಬಿದ್ದವರಿಗೂ ಅದೇ ಆಸರೆ.

ಬಿದ್ದವರಲ್ಲಿ ಮೊದಲಿಗ ಆರ್ಬಕಲ್. 1921ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಅವನು ಕೊಟ್ಟ ಪಾರ್ಟಿಗೆ ಬಂದಿದ್ದ ನಟಿ ವರ್ಜೀನಿಯಾ ರಾಪ್ ಕೆಲವು ದಿನಗಳಲ್ಲಿ ತೀರಿಕೊಂಡಳು. ಪತ್ರಿಕೆಗಳು ತೀರ್ಪಿಗೆ ಕಾಯಲಿಲ್ಲ. ಅವಳ ಸಾವಿಗೆ ಅವನೇ ಕಾರಣ ಎಂಬ ಆರೋಪದ ಮೇಲೆ ಮೂರು ಸಲ ವಿಚಾರಣೆ ನಡೆಯಿತು. ಮೊದಲೆರಡರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1922ರ ಏಪ್ರಿಲ್‌ನಲ್ಲಿ ಮೂರನೆಯದು ಅವನನ್ನು ಬಿಡುಗಡೆ ಮಾಡಿತು. ಬಿಡುಗಡೆ ಮಾತ್ರವಲ್ಲ, ಇವನಿಗೆ ದೊಡ್ಡ ಅನ್ಯಾಯವಾಗಿದೆ ಎಂದು ಜ್ಯೂರಿಯೇ ಬರೆದುಕೊಟ್ಟಿತು. ಅದಾಗಿ ವಾರ ಕಳೆಯುವ ಮೊದಲೇ ಚಿತ್ರೋದ್ಯಮದ ಮುಖ್ಯಸ್ಥ ವಿಲ್ ಹೇಸ್ ಅವನ ಚಿತ್ರಗಳನ್ನು ನಿಷೇಧಿಸಿದ. ವರ್ಷದ ಕೊನೆಗೆ ನಿಷೇಧ ಹೋದರೂ ಕೆಲಸ ಸಿಗಲಿಲ್ಲ. ವಿಲಿಯಂ ಗುಡ್‌ರಿಚ್ ಎಂಬ ಬೇರೆ ಹೆಸರಿನಲ್ಲಿ ನಿರ್ದೇಶನ ಮಾಡಿಕೊಂಡಿದ್ದ. ಹತ್ತು ವರ್ಷದ ಮೇಲೆ, 1932ರಲ್ಲಿ, ವಾರ್ನರ್ ಸಂಸ್ಥೆ ಅವನ ಮುಖವನ್ನು ಮತ್ತೆ ತೆರೆಗೆ ತಂದದ್ದು ಸಣ್ಣ ಕಾಮಿಡಿಗಳಲ್ಲೇ. 1933ರ ಜೂನ್‌ನಲ್ಲಿ ತೀರಿಕೊಂಡ. ಅದೇ ವರ್ಷ ಎಂಜಿಎಂ ಸ್ಟುಡಿಯೋ ಕೀಟನ್‌ನನ್ನು ಕೆಲಸದಿಂದ ತೆಗೆಯಿತು. ಅವನೂ ಎಜುಕೇಶನಲ್, ಕೊಲಂಬಿಯಾ ಕಂಪನಿಗಳ ಅಗ್ಗದ ಎರಡು ರೀಲಿನ ಚಿತ್ರಗಳಿಗೇ ವಾಪಸ್ ಬಂದ.

ಮೂಕಿ ಚಿತ್ರಗಳಿಗೆ ಮಾತು ಬಂದಾಗ ಬಹಳ ಜನ ಎಡವಿದರು. ಲಾರೆಲ್-ಹಾರ್ಡಿ ಮಾತ್ರ ಸಲೀಸಾಗಿ ದಾಟಿದರು. ಹ್ಯಾಲ್ ರೋಚ್ ಸ್ಟುಡಿಯೋದಲ್ಲಿ 1927ರಲ್ಲಿ ಕೂಡಿಕೊಂಡ ಜೋಡಿ ಇದು. ಸೆನೆಟ್‌ನದು ಓಟವಾದರೆ ಇವರದು ನಿಧಾನ. 1932ರ ‘ದ ಮ್ಯೂಸಿಕ್ ಬಾಕ್ಸ್’ನಲ್ಲಿ ಇರುವುದು ಒಂದೇ ಕೆಲಸ: ಪೆಟ್ಟಿಗೆಯೊಳಗಿನ ಪಿಯಾನೋವನ್ನು ಉದ್ದದ ಮೆಟ್ಟಿಲು ಹತ್ತಿಸುವುದು. ಹತ್ತಿಸುತ್ತಾರೆ, ಅದು ಜಾರಿ ಕೆಳಗೆ ಹೋಗುತ್ತದೆ. ಮತ್ತೆ ಹತ್ತಿಸುತ್ತಾರೆ. ಅಂತೂ ತುದಿ ಮುಟ್ಟಿಸಿದ ಮೇಲೆ ಅಂಚೆಯವನು ಬಂದು, ಪಕ್ಕದಲ್ಲೇ ಗಾಡಿ ಬರುವ ರಸ್ತೆ ಇದೆಯಲ್ಲ ಅನ್ನುತ್ತಾನೆ. ನಾವಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದೆವು, ಅಲ್ವಾ? ಇವರು ಪಿಯಾನೋವನ್ನು ಮತ್ತೆ ಕೆಳಗಿಳಿಸಿ ಗಾಡಿಯಲ್ಲಿ ಮೇಲೆ ತರುತ್ತಾರೆ! ಸಣ್ಣ ಕಾಮಿಡಿಗೆ ಮೊದಲ ಸಲ ಆಸ್ಕರ್ ಕೊಟ್ಟಾಗ ಗೆದ್ದದ್ದು ಇದೇ ಚಿತ್ರ.

ಅಷ್ಟರಲ್ಲಿ ಆರ್ಥಿಕ ಕುಸಿತದಿಂದ ಥಿಯೇಟರ್‌ಗಳು ಖಾಲಿ ಹೊಡೆಯುತ್ತಿದ್ದವು. ಜನರನ್ನು ಸೆಳೆಯಲು ಒಂದೇ ಟಿಕೆಟ್ಟಿಗೆ ಎರಡು ದೊಡ್ಡ ಚಿತ್ರ ತೋರಿಸುವ ಪದ್ಧತಿ ಬಂತು. ಸಣ್ಣ ಚಿತ್ರಕ್ಕೆ ಜಾಗವೇ ಉಳಿಯಲಿಲ್ಲ. 1935ಕ್ಕೆ ರೋಚ್ ಲಾರೆಲ್-ಹಾರ್ಡಿಯ ಸಣ್ಣ ಚಿತ್ರಗಳನ್ನು ನಿಲ್ಲಿಸಿದ. ಒಳ್ಳೆ ಚಿತ್ರ ಬೇಕಾದರೆ ಜೊತೆಗೆ ಸಣ್ಣ ಚಿತ್ರಗಳನ್ನೂ ತಗೊಳ್ಳಿ ಎಂದು ಸ್ಟುಡಿಯೋಗಳು ಥಿಯೇಟರ್‌ಗಳ ಮೇಲೆ ಹೇರುತ್ತಿದ್ದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೂ ಕತ್ತರಿ ಹಾಕಿತು. ಬೆನ್ನಿಗೇ ಟಿವಿ ಬಂತು.

ಕೊನೆವರೆಗೆ ಉಳಿದವರು ‘ತ್ರೀ ಸ್ಟೂಜಸ್’ ಎಂಬ ಮೂವರ ಕಾಮಿಡಿ ತಂಡ. 1934ರಿಂದ ಕೊಲಂಬಿಯಾಕ್ಕೆ 190 ಸಣ್ಣ ಚಿತ್ರ ಮಾಡಿದರು. 1957ರ ಕೊನೆಗೆ ಕಂಪನಿ ಅವರ ಒಪ್ಪಂದ ಮುಂದುವರಿಸಲಿಲ್ಲ. ಮರುವರ್ಷವೇ ಅದೇ ಕಂಪನಿ ಆ ಚಿತ್ರಗಳನ್ನು ಟಿವಿಗೆ ಮಾರಿತು. ಮನೆಮನೆಯ ಮಕ್ಕಳು ಮುಗಿಬಿದ್ದು ನೋಡಿದರು. ಆ ಪ್ರಸಾರದ ದುಡ್ಡಿನಲ್ಲಿ ಸ್ಟೂಜಸ್‌ಗೆ ಒಂದು ಕಾಸೂ ಬರಲಿಲ್ಲ. ಹೊಸದಾಗಿ ಬಂದ ಹೆಸರನ್ನು ನಂಬಿಕೊಂಡು, ವಯಸ್ಸಾದ ಮೇಲೆ, ಮತ್ತೆ ಸ್ಟೇಜು ಹತ್ತಿ ದುಡಿದರು.