ಸಕ್ಕರೆ ಹೊರುವ ಆಳು

ಎನ್ಜೈಮ್‌ಗಳ ಜೊತೆ ಕೆಲಸ ಮಾಡುವವರಿಗೆ ತಣ್ಣಗಿರುವ ಸೆಂಟ್ರಿಫ್ಯೂಜ್ (ಗರಗರ ತಿರುಗಿಸಿ ದ್ರಾವಣದಲ್ಲಿರುವುದನ್ನು ಬೇರ್ಪಡಿಸುವ ಯಂತ್ರ) ಬೇಕೇ ಬೇಕು. ಎನ್ಜೈಮ್ ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನ್, ಬಿಸಿ ತಾಗಿದರೆ ಕೆಟ್ಟುಹೋಗುತ್ತದೆ, ವಾರದ ಕೆಲಸ ನೀರುಪಾಲು. ಆದರೆ ತಂಪು ಮಾಡುವ ಯಂತ್ರಕ್ಕೆ ದುಡ್ಡಿಲ್ಲ. ಬ್ಯೂನಸ್ ಐರಿಸ್‌ನ ಒಂದು ಪುಟ್ಟ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಅರ್ಜೆಂಟೀನಾದ ವಿಜ್ಞಾನಿ ಲೂಯಿಸ್ ಲೆಲೊಯಿರ್ ಮತ್ತು ಅವರ ಜೊತೆಗಾರರು ಟಯರಿನ ಟ್ಯೂಬಿಗೆ ಐಸು, ಉಪ್ಪು ತುಂಬಿ ಸೆಂಟ್ರಿಫ್ಯೂಜಿಗೆ ಕಟ್ಟಿದರು. ಆಯ್ತು, ತಂಪು! ಮಳೆ ಬಂದರೆ ಅದೇ ಮನೆಯ ಲೈಬ್ರರಿ ಸೋರುತ್ತಿತ್ತು, ಪುಸ್ತಕ ನೆನೆಯಬಾರದೆಂದು ರಟ್ಟಿನ ದೋಣಿ ಮಾಡಿ ನೀರನ್ನು ಆಚೆ ಹರಿಸುತ್ತಿದ್ದರು.

ತಮಾಷೆ ಏನೆಂದರೆ ಲೆಲೊಯಿರ್ ಬಡವರಲ್ಲ. ಅಟ್ಲಾಂಟಿಕ್ ಕರಾವಳಿಯಲ್ಲಿ ಸಾವಿರಾರು ಹೆಕ್ಟೇರ್ ಜಮೀನಿದ್ದ ಮನೆತನ. ಹುಟ್ಟಿದ್ದು 1906ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪನ ಚಿಕಿತ್ಸೆಗೆಂದು ಹೋಗಿದ್ದ ಕುಟುಂಬ ಅದು, ಮಗು ಹುಟ್ಟುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಆಮೇಲೆ ಎಲ್ಲರೂ ಅರ್ಜೆಂಟೀನಾಕ್ಕೆ ಮರಳಿದರು. ಹುಡುಗ ಓದಿನಲ್ಲಿ ಅಂಥಾ ಮುಂದೇನೂ ಇರಲಿಲ್ಲ, ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪರೀಕ್ಷೆ ದಾಟಲು ನಾಲ್ಕು ಸಲ ಕೂರಬೇಕಾಯಿತು. 1932ರಲ್ಲಿ ಡಾಕ್ಟರಾದರು. ಆದರೆ ಆಗ ರೋಗಿಗಳಿಗೆ ಕೊಡಲು ಡಾಕ್ಟರ ಕೈಲಿ ಔಷಧಿಯಾದರೂ ಎಷ್ಟಿತ್ತು? ಬೇಸರವಾಗಿ ಬರ್ನಾರ್ಡೊ ಹೌಸೇ ಎಂಬ ಹೆಸರಾಂತ ವಿಜ್ಞಾನಿಯ ಲ್ಯಾಬ್ ಸೇರಿದರು. ಅಲ್ಲಿಂದ ಕೇಂಬ್ರಿಜ್, ಮತ್ತೆ ವಾಪಸು. ರಕ್ತದೊತ್ತಡ ಏರಿಸುವ ಆಂಜಿಯೊಟೆನ್ಸಿನ್ ಎಂಬ ವಸ್ತುವನ್ನು ಗುರುತಿಸಿದ ತಂಡದಲ್ಲೂ ಇವರಿದ್ದರು. ಬೇರೆಯವರಾಗಿದ್ದರೆ ಅದೊಂದರ ಮೇಲೇ ಬದುಕೆಲ್ಲ ಕಳೆಯುತ್ತಿದ್ದರೋ ಏನೋ.

1943ರಲ್ಲಿ ಪ್ರಜಾಪ್ರಭುತ್ವ ಬೇಕೆಂಬ ಪತ್ರಕ್ಕೆ ಸಹಿ ಹಾಕಿದ್ದಕ್ಕೆ ಸರ್ಕಾರ ಹೌಸೇಯನ್ನು ಕೆಲಸದಿಂದ ತೆಗೆಯಿತು. ಗುರುವಿಲ್ಲದ ಜಾಗ ತನಗೂ ಬೇಡವೆಂದು ಲೆಲೊಯಿರ್ ಅಮೆರಿಕಕ್ಕೆ ಹೊರಟರು. ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗೆರ್ಟಿ ಕೋರಿ ದಂಪತಿಯ ಲ್ಯಾಬಿನಲ್ಲಿ ಸ್ವಲ್ಪ ಕಾಲ ಇದ್ದರು. ಈ ಕೋರಿಗಳ ಹೆಸರು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತಾರೆ.

ಊರಿಗೆ ಮರಳಿದ ಮೇಲೆ, 1947ರಲ್ಲಿ, ಹೈಮೆ ಕಾಂಪೊಮಾರ್ ಎಂಬ ಬಟ್ಟೆ ಗಿರಣಿಯ ಮಾಲೀಕ ಹಣ ಕೊಟ್ಟು ಒಂದು ಸಂಶೋಧನಾ ಸಂಸ್ಥೆ ಶುರು ಮಾಡಿಸಿದರು. ಅದೇ ಸೋರುವ ಮನೆ! ಅಲ್ಲಿ ಲೆಲೊಯಿರ್, ಕಪುಟೊ, ಕಾರ್ಡಿನಿ, ಪಲಾದಿನಿ, ಟ್ರುಕೊ ಹಿಡಿದ ಪ್ರಶ್ನೆ ಹಾಲಿನದು. ಹಾಲಿನ ಸಕ್ಕರೆ ಲ್ಯಾಕ್ಟೋಸ್, ಅಂದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಕೈ ಕೈ ಹಿಡಿದಿರುವ ಜೋಡಿ. ದೇಹ ಅದನ್ನು ಹೇಗೆ ಕಟ್ಟುತ್ತದೆ? ಕಟ್ಟುವುದನ್ನು ನೋಡುವುದು ಕಷ್ಟ, ಒಡೆಯುವುದನ್ನಾದರೂ ನೋಡೋಣ ಅಂತ ಲ್ಯಾಕ್ಟೋಸ್ ತಿಂದು ಬದುಕುವ ಒಂದು ಯೀಸ್ಟ್ ಹಿಡಿದರು.

ಗ್ಲೂಕೋಸ್, ಗ್ಯಾಲಕ್ಟೋಸ್ ಎರಡರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ನಾಲ್ಕನೇ ಕಾರ್ಬನ್ನಿಗೆ ಅಂಟಿದ ಒಂದು ಓಎಚ್ ಗುಂಪು ಒಂದರಲ್ಲಿ ಆ ಕಡೆ, ಇನ್ನೊಂದರಲ್ಲಿ ಈ ಕಡೆ ಮುಖ ಮಾಡಿದೆ, ಅಷ್ಟೇ ವ್ಯತ್ಯಾಸ. ಯೀಸ್ಟ್ ಗ್ಯಾಲಕ್ಟೋಸನ್ನು ಗ್ಲೂಕೋಸ್ ಮಾಡಿಕೊಳ್ಳುತ್ತಿತ್ತು. ಆದರೆ ಬರೀ ಎನ್ಜೈಮ್ ಇದ್ದರೆ ಸಾಲದು, ಇನ್ನೇನೋ ಬೇಕಿತ್ತು. ಆ 'ಏನೋ' ಕುದಿಸಿದರೂ ಹಾಳಾಗುತ್ತಿರಲಿಲ್ಲ. ಎನ್ಜೈಮ್ ಆಗಿದ್ದರೆ ಮೊಟ್ಟೆ ಬೆಂದ ಹಾಗೆ ಕೆಟ್ಟಿರುತ್ತಿತ್ತು, ಹಾಗಾಗಿ ಇದು ಸಣ್ಣ ಅಣು. ನೇರಳಾತೀತ ಬೆಳಕನ್ನು ಅದು ಹೀರುವ ರೀತಿ ಅಡಿನೋಸಿನ್ ಎಂಬ ವಸ್ತುವಿನ ಥರ ಇತ್ತು, ಆದರೆ ಪೂರ್ತಿ ಹೊಂದುತ್ತಿರಲಿಲ್ಲ. ಒಂದು ದಿನ ಕಪುಟೊ ಒಂದು ಜರ್ನಲ್ ಹಿಡಿದು ಖುಷಿಯಾಗಿ ಬಂದರು. ಅದರಲ್ಲಿ ಯೂರಿಡಿನ್ ಎಂಬ ವಸ್ತು ಬೆಳಕು ಹೀರುವ ಗ್ರಾಫ್ ಇತ್ತು, ತಮ್ಮ ಗ್ರಾಫಿಗೂ ಅದಕ್ಕೂ ಸರಿಯಾಗಿ ತಾಳೆಯಾಯಿತು!

ಹೀಗೆ ಸಿಕ್ಕಿದ್ದು ಯೂರಿಡಿನ್ ಡೈಫಾಸ್ಫೇಟ್ ಗ್ಲೂಕೋಸ್, ಚಿಕ್ಕದಾಗಿ ಯುಡಿಪಿ-ಗ್ಲೂಕೋಸ್, ಅಂದರೆ ಯುಡಿಪಿ ಎಂಬ ಅಣುವಿಗೆ ಅಂಟಿಕೊಂಡ ಗ್ಲೂಕೋಸ್. 1950ರಲ್ಲಿ ಪ್ರಕಟಿಸಿದರು.

ಇದರಲ್ಲಿ ಅಂಥ ದೊಡ್ಡ ವಿಷಯ ಏನು ಅಂತೀರಾ? ಮನೆ ಕಟ್ಟುವ ಕಡೆ ನೋಡಿ. ಇಟ್ಟಿಗೆ ರಾಶಿ ಬಿದ್ದಿದ್ದರೆ ಗೋಡೆ ಏಳುವುದಿಲ್ಲ. ಆಳು ಹೊತ್ತು ತಂದು ಗಾರೆ ಮೇಸ್ತ್ರಿಯ ಕೈಗೆ ಕೊಡಬೇಕು, ಮತ್ತೆ ಖಾಲಿ ಬಾಂಡ್ಲಿ ಹಿಡಿದು ಇನ್ನೊಂದಕ್ಕೆ ಹೋಗಬೇಕು. ಗ್ಲೂಕೋಸ್ ಇಟ್ಟಿಗೆ, ಎನ್ಜೈಮ್ ಮೇಸ್ತ್ರಿ, ಯುಡಿಪಿ ಆಳು. ಒಂದು ವ್ಯತ್ಯಾಸ ಇದೆ: ಈ ಆಳು ಹೊರೆ ಇಳಿಸುವಾಗ ತನ್ನ ಮತ್ತು ಸಕ್ಕರೆಯ ನಡುವಿನ ಬಂಧದಲ್ಲಿದ್ದ ಶಕ್ತಿಯನ್ನೂ ಕೊಟ್ಟು ಹೋಗುತ್ತದೆ, ಹೊಸ ಬಂಧ ಕೂಡುವುದು ಅದರಿಂದಲೇ. ಗ್ಯಾಲಕ್ಟೋಸ್ ಆ ಓಎಚ್ ಅನ್ನು ತಿರುಗಿಸಿಕೊಂಡು ಗ್ಲೂಕೋಸ್ ಆಗುವುದೂ ಯುಡಿಪಿಯ ಹೆಗಲ ಮೇಲೆ ಕೂತಿರುವಾಗಲೇ. ಈ ದಾರಿಗೆ ಈಗ ಲೆಲೊಯಿರ್ ಹೆಸರೇ ಇದೆ. ಈ ದಾರಿಯ ಒಂದು ಎನ್ಜೈಮ್ ಹುಟ್ಟಿನಿಂದಲೇ ಇಲ್ಲದ ಕೂಸುಗಳಿಗೆ ತಾಯಿಯ ಹಾಲೇ ವಿಷವಾಗುತ್ತದೆ. ಗ್ಯಾಲಕ್ಟೊಸೀಮಿಯಾ ಅಂತಾರೆ. ಬೇಗ ಪತ್ತೆ ಮಾಡಿ ಹಾಲು ನಿಲ್ಲಿಸದಿದ್ದರೆ ಲಿವರ್ ಕೆಡುತ್ತದೆ, ಕಣ್ಣಿಗೆ ಪೊರೆ ಬರುತ್ತದೆ.

ಈಗ ಕೋರಿ ದಂಪತಿ. ನಮ್ಮ ಲಿವರಿನಲ್ಲಿ ಗ್ಲೂಕೋಸ್ ಸರಪಳಿಯಾಗಿ ಕೂಡಿಟ್ಟಿರುವುದೇ ಗ್ಲೈಕೋಜನ್. ಅದನ್ನು ಒಡೆಯುವ ಎನ್ಜೈಮನ್ನು ಕೋರಿಗಳು ಕಂಡುಹಿಡಿದಿದ್ದರು. ಟೆಸ್ಟ್ ಟ್ಯೂಬಿನಲ್ಲಿ ಅದೇ ಎನ್ಜೈಮ್ ಹಿಂದುಮುಂದಾಗಿಯೂ ಓಡಿ ಗ್ಲೈಕೋಜನ್ ಕಟ್ಟುತ್ತಿತ್ತು. ಹಾಗಾಗಿ ದೇಹದಲ್ಲೂ ಹೀಗೇ ಇರಬೇಕು ಅಂತ ಎಲ್ಲರೂ ನಂಬಿದ್ದರು. 1947ರಲ್ಲಿ ಕೋರಿಗಳಿಗೆ ನೊಬೆಲ್ ಬಂತು, ಅದೇ ಬಹುಮಾನದಲ್ಲಿ ಹೌಸೇಗೂ ಪಾಲಿತ್ತು. ಹತ್ತು ವರ್ಷದ ನಂತರ ಲೆಲೊಯಿರ್ ಮತ್ತು ಕಾರ್ಡಿನಿ ತೋರಿಸಿದ್ದು ಬೇರೆ: ಕಟ್ಟುವ ದಾರಿಯೇ ಬೇರೆ, ಅಲ್ಲಿ ಸಕ್ಕರೆ ತರುವುದು ಯುಡಿಪಿ. ಒಡೆಯುವುದಕ್ಕೊಂದು ದಾರಿ, ಕಟ್ಟುವುದಕ್ಕೊಂದು ದಾರಿ ಇದ್ದರೆ ತಾನೇ ದೇಹಕ್ಕೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಓಡಿಸಲು ಆಗುವುದು? ಆಮೇಲೆ ಗಿಡದ ಪಿಷ್ಟದ ಕಥೆಯೂ ಇಂಥದೇ ಅಂತ ಗೊತ್ತಾಯಿತು, ಅಲ್ಲಿ ಆಳಿನ ಹೆಸರು ಎಡಿಪಿ, ಅಂದರೆ ಅಡಿನೋಸಿನ್ ಡೈಫಾಸ್ಫೇಟ್. ನಮ್ಮ ಅನ್ನ, ಮುದ್ದೆ ಎಲ್ಲ ಆ ಆಳು ಹೊತ್ತ ಸಕ್ಕರೆಯೇ.

ನನಗೆ ಇದಕ್ಕಿಂತ ಇಷ್ಟವಾಗುವುದು ರಕ್ತದ ಗುಂಪಿನ ವಿಷಯ. ಎ ಗುಂಪಿನವರಿಗೂ ಬಿ ಗುಂಪಿನವರಿಗೂ ಇರುವ ವ್ಯತ್ಯಾಸ ಕೆಂಪು ರಕ್ತಕಣದ ಮೇಲಿನ ಒಂದೇ ಒಂದು ಸಕ್ಕರೆ, ಅದನ್ನು ತಂದು ಕೂರಿಸುವುದೂ ಯುಡಿಪಿಯೇ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿದರೆ ಲಿವರ್ ಅದಕ್ಕೆ ಸಕ್ಕರೆಯಿಂದಲೇ ಮಾಡಿದ ಒಂದು ಆಮ್ಲ ಅಂಟಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಆಮ್ಲವನ್ನು ಹೊತ್ತು ತರುವ ಆಳೂ ಇದೇ.

ಕಾಂಪೊಮಾರ್ ತೀರಿಕೊಂಡಾಗ ದುಡ್ಡು ನಿಂತಿತು. ಸಿಗುವ ಆಸೆ ಜಾಸ್ತಿ ಇಲ್ಲದೆಯೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಅರ್ಜಿ ಹಾಕಿದರು, ಅಚ್ಚರಿಯೆಂಬಂತೆ ಅನುದಾನ ಬಂತು. 1958ರಲ್ಲಿ ಸರ್ಕಾರ ಹಿಂದೆ ಸನ್ಯಾಸಿನಿಯರ ಶಾಲೆಯಾಗಿದ್ದ ಕಟ್ಟಡ ಕೊಟ್ಟಿತು. ಲೆಲೊಯಿರ್ ಬೂದು ಬಣ್ಣದ ಕೋಟು ಹಾಕಿಕೊಂಡು, ಚಿಕ್ಕ ಫಿಯೆಟ್ 600 ಓಡಿಸಿಕೊಂಡು ಲ್ಯಾಬಿಗೆ ಬರುತ್ತಿದ್ದರು. ಇವರದೇ ಎಂದು ಹೇಳುವ ಇನ್ನೊಂದು ಆವಿಷ್ಕಾರವೂ ಇದೆ. 1920ರ ದಶಕದಲ್ಲಿ ಮಾರ್ ದೆಲ್ ಪ್ಲಾತಾದ ಗಾಲ್ಫ್ ಕ್ಲಬ್ಬಿನಲ್ಲಿ ಸೀಗಡಿಗೆ ಬರೀ ಮಯೋನೀಸ್ ತಿಂದು ಬೇಜಾರಾಗಿ ಅದಕ್ಕೆ ಕೆಚಪ್ ಬೆರೆಸಿದರಂತೆ. ಆ ಗಾಲ್ಫ್ ಸಾಸ್ ಅರ್ಜೆಂಟೀನಾದ ಮನೆಮನೆಯಲ್ಲೂ ಇದೆ. ಅದಕ್ಕೆ ಪೇಟೆಂಟ್ ಮಾಡಿಸಿದ್ದರೆ ಸಂಶೋಧನೆಗೆ ದುಡ್ಡಿನ ಚಿಂತೆಯೇ ಇರುತ್ತಿರಲಿಲ್ಲ ಅಂತ ತಮಾಷೆ ಮಾಡುತ್ತಿದ್ದರು.

1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಒಬ್ಬರಿಗೇ ಪೂರ್ತಿ. ಆಗ ಅವರ ಮನಸ್ಸು ಇನ್ನೊಂದು ಕಡೆ ಇತ್ತು. ಪ್ರೋಟೀನುಗಳಿಗೆ ಸಕ್ಕರೆ ಅಂಟುವಾಗ ಡಾಲಿಕಾಲ್ ಎಂಬ ಜಿಡ್ಡಿನ ಅಣು ನಡುವೆ ಕೈ ಜೋಡಿಸುತ್ತದೆ ಎಂದು ಅದೇ ವರ್ಷ ಸಹೋದ್ಯೋಗಿ ಬೆರೆನ್ಸ್ ಜೊತೆ ಪ್ರಕಟಿಸಿದ್ದರು. ಅಂದರೆ ಇನ್ನೊಬ್ಬ ಆಳು ಸಿಕ್ಕಿದ್ದ! 1987ರ ಡಿಸೆಂಬರಿನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಸಂಸ್ಥೆ ಈಗ ಬ್ಯೂನಸ್ ಐರಿಸ್‌ನಲ್ಲಿ ದೊಡ್ಡ ಕಟ್ಟಡದಲ್ಲಿ, ಅವರದೇ ಹೆಸರಿನಲ್ಲಿ ನಡೆಯುತ್ತಿದೆ.