ಗಂಡ ಬೈಕ್ ಬೀಳಿಸಿದರೆ ಹೆಂಡತಿಗೆ ಇನ್ಶೂರೆನ್ಸ್ ಸಿಗುತ್ತಾ?

ಪ್ರಶ್ನೆ: ಯಜಮಾನರು ಬೈಕ್ ಓಡಿಸ್ತಿದ್ದರು, ನಾನು ಹಿಂದೆ ಕೂತಿದ್ದೆ. ಹಂಪ್ ಗಮನಿಸದೆ ಜೋರಾಗಿ ಹಾರಿಸಿ ಬಿದ್ದೆವು. ನನ್ನ ಕಾಲಿಗೆ ರಾಡ್ ಹಾಕಿದ್ದಾರೆ. ಗಂಡನದೇ ತಪ್ಪಾದ್ದರಿಂದ ಇನ್ಶೂರೆನ್ಸ್ ಬರಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜವಾ?

ಉತ್ತರ: ನಿಜ ಅಲ್ಲ. ಊರು ಬೇರೆ, ಗಾಡಿ ಬೇರೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಬರೆದರೂ ಮತ್ತೆ ಬರುತ್ತದೆ. ದಯವಿಟ್ಟು ಈ ಸಲ ಪಾಲಿಸಿ ಕಾಗದ ಕೈಯಲ್ಲಿ ಹಿಡಿದುಕೊಂಡೇ ಓದಿ.

ಗಾಡಿ ನಿಮ್ಮ ಯಜಮಾನರ ಹೆಸರಲ್ಲಿದ್ದು, ನಾವು 'ಫುಲ್ ಇನ್ಶೂರೆನ್ಸ್' ಅನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ನೀವು ಪರಿಹಾರ ಕೇಳಬಹುದು. ಹೊರಗಿನವರಿಗಾದ ಹಾನಿಗೆ ಮಾತ್ರ ಇರುವ ಬರೀ ಥರ್ಡ್ ಪಾರ್ಟಿ ಪಾಲಿಸಿ ಆಗಿದ್ದರೆ ಕಷ್ಟ.

'ಹೆಂಡತಿ ಮನೆಯವಳು, ಅವಳು ಹೇಗೆ ಥರ್ಡ್ ಪಾರ್ಟಿ ಆಗ್ತಾಳೆ?' ಎಂಬ ಮಾತು ಎಲ್ಲಿಂದ ಹುಟ್ಟಿತೋ, ಓದಿದವರ ಬಾಯಲ್ಲೂ ಅದೇ. ಇನ್ಶೂರೆನ್ಸ್ ಒಂದು ಒಪ್ಪಂದ. ಮಾಡಿಸಿದವರು ಒಬ್ಬರು, ಕಂಪನಿ ಇನ್ನೊಬ್ಬರು. ಅಲ್ಲಿ ಸಹಿ ಹಾಕದ ಹೆಂಡತಿ, ಅತ್ತೆ, ಪಕ್ಕದ ಮನೆಯವರು ಎಲ್ಲರೂ ಹೊರಗಿನವರೇ. ಮೋಟಾರು ವಾಹನ ಕಾಯ್ದೆ ನಿಮ್ಮ ಮದುವೆಯ ವಿಚಾರ ಕೇಳುವುದಿಲ್ಲ. ಗಾಡಿ ಯಾರದು, ಓಡಿಸಿದ್ದು ಯಾರು, ಪೆಟ್ಟಾದವರು ಎಲ್ಲಿ ಕೂತಿದ್ದರು, ಪಾಲಿಸಿ ಯಾವುದು ಎಂದು ಕೇಳುತ್ತದೆ.

ಹಾಗಾದರೆ ಎಷ್ಟೋ ಹೆಂಗಸರ ಕ್ಲೇಮ್ ಬಿದ್ದುಹೋಗಿದ್ದು ಯಾಕೆ? ಅವರು ಹಿಂದಿನ ಸೀಟಿನಲ್ಲಿ ಇದ್ದದ್ದಕ್ಕೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬೈಕಿನ ಹಿಂಬದಿ ಸವಾರರಿಗೆ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ, ತಿಲಕ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅಲ್ಲಿ ಸ್ನೇಹಿತ ಕೂತಿದ್ದರೂ ಅಷ್ಟೇ, ಹೆಂಡತಿ ಕೂತಿದ್ದರೂ ಅಷ್ಟೇ. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರರೂ ಕಾರಿನಲ್ಲಿ ಕೂತವರೂ ಅದರೊಳಗೆ ಬರುತ್ತಾರೆ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2009ರ ನವೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. 2012ರಲ್ಲಿ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

2025ರ ಜುಲೈಯಿಂದ ಈ ತಪ್ಪು ತಿಳುವಳಿಕೆ ಇನ್ನೂ ಜಾಸ್ತಿಯಾಗಿದೆ. 2014ರಲ್ಲಿ ಅರಸೀಕೆರೆ ಕಡೆ ಹೋಗುತ್ತಿದ್ದ ಕಾರು ಪಲ್ಟಿಯಾಗಿ, ಓಡಿಸುತ್ತಿದ್ದವರು ತೀರಿಹೋದರು. ಅವರ ಮನೆಯವರಿಗೆ ಪರಿಹಾರ ಇಲ್ಲ ಎಂದಿದ್ದ ಹೈಕೋರ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೈ ಹಾಕಲಿಲ್ಲ. ಅದರ ತಲೆಬರಹದ ಫೋಟೋ ಕಳಿಸಿ 'ನೋಡಿ' ಅಂತಾರೆ. ನೋಡಿದ್ದೇನೆ. ಅದು ತನ್ನದೇ ಅಜಾಗರೂಕತೆಯಿಂದ ಸತ್ತ ಚಾಲಕನ ವಿಷಯ. ಪಕ್ಕದಲ್ಲಿ, ಹಿಂದೆ ಕೂತವರ ತಪ್ಪೇನಿದೆ? ಅವರ ಹಕ್ಕಿಗೆ ಆ ತೀರ್ಪು ಅಡ್ಡ ಬರುವುದಿಲ್ಲ.

ಎದುರಿನ ಲಾರಿಯದೂ ಗಂಡನದೂ ಅರ್ಧರ್ಧ ತಪ್ಪಿದ್ದರೆ? ಹೆಂಡತಿ ಪೂರ್ತಿ ಪರಿಹಾರವನ್ನು ಲಾರಿ ಕಡೆಯಿಂದಲೇ ಕೇಳಬಹುದು. ಇದನ್ನು 2015ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ನಿಜವಾಗಿ ಕೇಸು ಕೆಡುವುದು ಆಸ್ಪತ್ರೆಯಲ್ಲಿ. ಕ್ಯಾಶುವಾಲ್ಟಿಯಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವಾಗ 'ಹೇಗಾಯ್ತಮ್ಮ?' ಅಂತ ಕೇಳುತ್ತಾರೆ. ಗಂಡನ ಮೇಲೆ ಕೇಸಾದೀತು ಎಂಬ ಭಯಕ್ಕೆ 'ನಾಯಿ ಅಡ್ಡ ಬಂತು' ಅಂದುಬಿಡುತ್ತಾರೆ. ಪೊಲೀಸರಿಗೆ ತಿಳಿಸಬೇಕಾದ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಎಂಎಲ್‌ಸಿ ರಿಜಿಸ್ಟರಿನಲ್ಲಿ ಅದೇ ದಾಖಲಾಗುತ್ತದೆ. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅಡಿ ಪರಿಹಾರ ಕೇಳುವಾಗ ಓಡಿಸಿದವರ ತಪ್ಪು ತೋರಿಸಲೇಬೇಕು. ಆಮೇಲೆ ಹೇಳಿಕೆ ಬದಲಿಸಿದರೆ ಕಂಪನಿ ವಕೀಲರು ಆ ರಿಜಿಸ್ಟರನ್ನೇ ಮುಂದಿಡುತ್ತಾರೆ. ನಡೆದದ್ದನ್ನು ನಡೆದ ಹಾಗೇ ಮೊದಲೇ ಹೇಳಿ. ಅರ್ಜಿಯಲ್ಲಿ ಗಾಡಿ ಮಾಲೀಕರಾಗಿ ಗಂಡನ ಹೆಸರೂ ಬರುತ್ತದೆ, ಹೌದು. ಪಾಲಿಸಿ ಸರಿಯಿದ್ದರೆ ಹಣ ಕಟ್ಟುವುದು ಕಂಪನಿ. ಪೊಲೀಸ್ ಕೇಸು ಬೇರೆ, ಅದು ಆಗಬಹುದು, ಮುಚ್ಚಿಡುವುದಿಲ್ಲ. ಅರ್ಜಿ ಹಾಕಲು ಕಾಯ್ದೆಯಲ್ಲಿ 6 ತಿಂಗಳ ಗಡುವಿದೆ. ರಾಡ್ ತೆಗೆಸಿಕೊಂಡ ಮೇಲೆ ನೋಡೋಣ ಅಂತ ಕೂರಬೇಡಿ.

ಈಗ ಪಾಲಿಸಿ ತೆಗೆಯಿರಿ. ಹೊಸ ಬೈಕ್ ಕೊಳ್ಳುವಾಗ 5 ವರ್ಷದ ಇನ್ಶೂರೆನ್ಸ್ ಅಂದಿರುತ್ತಾರೆ. 5 ವರ್ಷ ಇರುವುದು ಥರ್ಡ್ ಪಾರ್ಟಿ ಭಾಗಕ್ಕೆ. ಪ್ಯಾಕೇಜ್ ಪಾಲಿಸಿಯಲ್ಲಿ ಅದರ ಜೊತೆಗಿರುವ ಓನ್ ಡ್ಯಾಮೇಜ್ ಭಾಗ, ಅಂದರೆ ಸ್ವಂತ ಗಾಡಿಯ ಹಾನಿಯದು, ಸಾಮಾನ್ಯವಾಗಿ ಒಂದೇ ವರ್ಷ. ಎರಡೂ ತಾರೀಕು ಕಾಗದದಲ್ಲಿ ಬೇರೆ ಬೇರೆ ಇರುತ್ತವೆ. ಎರಡನೇ ವರ್ಷ ಓನ್ ಡ್ಯಾಮೇಜ್ ರಿನ್ಯೂ ಮಾಡಿಸದಿದ್ದರೆ 'ಇದು ಬರೀ ಥರ್ಡ್ ಪಾರ್ಟಿ' ಎಂದು ಕಂಪನಿ ವಾದ ಮಾಡಲು ದಾರಿ ಸಿಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೆಂಡತಿ ಹೆಸರಲ್ಲಿ ಗಾಡಿ ತೆಗೆದುಕೊಳ್ಳುವ ಮನೆಗಳು ಎಷ್ಟೋ ಇವೆ. ಒಳ್ಳೆಯದೇ. ಆದರೆ ಆರ್‌ಸಿಯೂ ಪಾಲಿಸಿಯೂ ಅವಳ ಹೆಸರಲ್ಲಿದ್ದು ಗಂಡ ಓಡಿಸಿ ಬೀಳಿಸಿದರೆ, ಅವಳೇ ಮಾಲೀಕಳು. ತನ್ನದೇ ಪಾಲಿಸಿಯ ಮೇಲೆ ಥರ್ಡ್ ಪಾರ್ಟಿ ಅಂತ ಕೇಳಲು ಆಗುವುದಿಲ್ಲ. ಮಾಲೀಕರ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಒಂದಿದೆ. ಕಾರಿನಲ್ಲಿ ಕೋ-ಡ್ರೈವರ್ ಆಗಿ ಪಕ್ಕದಲ್ಲಿ ಕೂತಿದ್ದರೂ ಅದು ಅನ್ವಯಿಸುತ್ತದೆ. ಆದರೆ ಅವಳಿಗೆ ಡಿಎಲ್ ಇರಬೇಕು, ಮತ್ತು ಅದು ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ವಾಸಿಯಾಗುವ ಮೂಳೆ ಮುರಿತದ ಆಸ್ಪತ್ರೆ ಬಿಲ್ಲಿಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಅಂಥ ಮನೆಯವರು ಹೆಂಡತಿಗೆ ಒಂದು ಹೆಲ್ತ್ ಇನ್ಶೂರೆನ್ಸನ್ನೂ, ಗಾಡಿಗೆ ಸೇರದ ಬೇರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಯನ್ನೂ ಮಾಡಿಸಿಡಿ.